ಕಿಮೊ ನಡೆದಿರುವಾಗ ಚಟುವಟಿಕೆಯಿಂದಿರುವುದು ಹೇಗೆ: ಒಂದು ಡೋಸ್‌ನಿಂದ ಇನ್ನೊಂದು ಡೋಸ್‌ವರೆಗಿನ ಸಮಗ್ರ ಮಾರ್ಗದರ್ಶಿ

ಕಿಮೊ, ಅಂದರೆ ಕ್ಯಾನ್ಸರ್‌ಗೆ ಕೊಡುವ ಕಿಮೊಥೆರಪಿ, ನಡೆದಿರುವಾಗ ದಿನವೂ ಸ್ವಲ್ಪ ಅಡ್ಡಾಡಬೇಕು ಎಂದು ವೈದ್ಯರು ಹೇಳುತ್ತಾರೆ. ಮನೆಗೆ ಬಂದ ಮೇಲೆ ಅದನ್ನು ಯಾವ ದಿನದಿಂದ, ಎಷ್ಟರಿಂದ ಆರಂಭಿಸಬೇಕು ಎಂಬುದು ಮಾತ್ರ ಅನೇಕರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಒಂದೇ ಬಗೆಯ ಸೋಲು ಮತ್ತೆ ಮತ್ತೆ ಕಾಣುತ್ತದೆ. ಡೋಸ್ ಆದ ಮೊದಲ ವಾರ ರೋಗಿ ಹಾಸಿಗೆ ಬಿಟ್ಟು ಏಳುವುದಿಲ್ಲ. ಎರಡನೆಯ ವಾರ ಮನೆಯವರು ಏಳಗೊಡುವುದಿಲ್ಲ. ಮೂರನೆಯ ವಾರ ಮೈ ಹಗುರಾದ ಒಂದು ಮುಂಜಾನೆ, ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸುವವರಂತೆ ಒಂದು ತಾಸು ನಡೆದು ಬಂದು, ಮುಂದಿನ ಎರಡು ದಿನ ಮಲಗಿಬಿಡುತ್ತಾರೆ. ಅಷ್ಟರಲ್ಲಿ ಮತ್ತೊಂದು ಡೋಸ್‌ನ ತಾರೀಖು ಬಂದಿರುತ್ತದೆ, ನಡಿಗೆ ತಮ್ಮ ದೇಹಕ್ಕೆ ಒಗ್ಗುವುದಿಲ್ಲವೆಂಬ ನಂಬಿಕೆಯೂ ಗಟ್ಟಿಯಾಗಿರುತ್ತದೆ.

ಇವರು ಲೆಕ್ಕ ಇಟ್ಟದ್ದು ದಿನದ ಮೇಲೆ. ಕಿಮೊದಲ್ಲಿ ಲೆಕ್ಕ ಇಡಬೇಕಾದದ್ದು ಸೈಕಲ್‌ನ ಮೇಲೆ, ಅಂದರೆ ಒಂದು ಡೋಸ್‌ನಿಂದ ಮುಂದಿನ ಡೋಸ್‌ವರೆಗಿನ ಇಡೀ ಅವಧಿಯ ಮೇಲೆ. ಕೆಟ್ಟ ದಿನದಲ್ಲಿ ಪೂರ್ತಿ ನಿಲ್ಲಿಸಬಾರದು, ಒಳ್ಳೆಯ ದಿನದಲ್ಲಿ ಅಳತೆ ಮೀರಬಾರದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕಷ್ಟದ್ದು.

ಈ ಕ್ರಮವು ಆಸ್ಪತ್ರೆಗೆ ಹೋಗಿ ಕಿಮೊ ಪಡೆದು ಮನೆಗೆ ಮರಳುವ, ಆಸರೆಯಿಲ್ಲದೆ ಓಡಾಡಬಲ್ಲ ವಯಸ್ಕರಿಗಾಗಿ ಇದೆ. ಎಲುಬಿಗೆ ಕ್ಯಾನ್ಸರ್ ಹರಡಿದವರು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವರು ಇದನ್ನು ಓದಿ ತಾವೇ ಆರಂಭಿಸಬಾರದು. ಅವರು ಫಿಸಿಯೊಥೆರಪಿಸ್ಟ್ ಎದುರಿಗೇ ಕಲಿಯಬೇಕು.

## ಮೊದಲು ಹೊಂದಿಸಿಕೊಳ್ಳಬೇಕಾದ ವಸ್ತುಗಳು

ಎಲ್ಲಕ್ಕಿಂತ ಮುಖ್ಯವಾದದ್ದು ಡಿಜಿಟಲ್ ಥರ್ಮಾಮೀಟರ್. ಹಣೆ ಮುಟ್ಟಿ ಜ್ವರ ಹೇಳುವ ರೂಢಿ ಕಿಮೊ ನಡೆಯುವ ತಿಂಗಳುಗಳ ಮಟ್ಟಿಗೆ ಸಾಕಾಗುವುದಿಲ್ಲ. ನಂತರದ್ದು ಒಂದು ಗೋಡೆ ಕ್ಯಾಲೆಂಡರ್ ಮತ್ತು ಒಂದು ಸಣ್ಣ ನೋಟ್‌ಬುಕ್. ರಕ್ತದ ವರದಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಬೇಕು.

ಕುರ್ಚಿ ಗಟ್ಟಿಯಾಗಿರಬೇಕು. ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುವುದರಿಂದ ಅದನ್ನು ಗೋಡೆಗೆ ತಾಗಿಸಿಯೇ ಇಡಬೇಕು. ಪಾದರಕ್ಷೆಗೆ ಹಿಮ್ಮಡಿಯ ಹಿಂದೆ ಪಟ್ಟಿ ಇರಬೇಕು. ಬೆರಳಲ್ಲಿ ಸಿಕ್ಕಿಸಿಕೊಳ್ಳುವ ಚಪ್ಪಲಿ, ಅಂಗಾಲು ಜೋಮು ಹಿಡಿದಾಗ, ಕಾಲಿನಿಂದ ಕಳಚಿ ಬಿದ್ದದ್ದೂ ಗೊತ್ತಾಗುವುದಿಲ್ಲ. ತೂಕಕ್ಕಾಗಿ ಡಂಬೆಲ್ ಕೊಳ್ಳುವ ಅಗತ್ಯವಿಲ್ಲ, ಅರ್ಧ ಲೀಟರಿನ ಎರಡು ನೀರಿನ ಬಾಟಲಿಗಳು ಸಾಕು.

## ಹಂತ 1: ವೈದ್ಯರಿಂದ ಒಪ್ಪಿಗೆ ಮತ್ತು ಔಷಧಗಳ ಹೆಸರು ಪಡೆಯುವುದು

"ವ್ಯಾಯಾಮ ಮಾಡಬಹುದೇ?" ಎಂದಷ್ಟೇ ಕೇಳಿದರೆ "ಮಾಡಿ, ಸ್ವಲ್ಪ ಸ್ವಲ್ಪ ಮಾಡಿ" ಎಂಬ ಉತ್ತರ ಬರುತ್ತದೆ, ಅದರಿಂದ ಯಾವ ಪ್ರಯೋಜನವೂ ಆಗುವುದಿಲ್ಲ. ಕೇಳಬೇಕಾದದ್ದು ನಾಲ್ಕು ಪ್ರಶ್ನೆ: ನನ್ನ ಎಲುಬು ಗಟ್ಟಿಯಾಗಿವೆಯೇ, ಹೃದಯದ ಎಕೊ ಪರೀಕ್ಷೆ ಹೇಗಿದೆ, ಯಾವ ಭಾರವನ್ನು ಎತ್ತಬಾರದು, ಮತ್ತು ನನಗೆ ಕೊಡುತ್ತಿರುವ ಔಷಧಗಳ ಹೆಸರೇನು. ಕೊನೆಯದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿಕೊಳ್ಳಬೇಕು, ಏಕೆಂದರೆ ಯಾವ ಎಚ್ಚರಿಕೆ ನಿಮಗೆ ಅನ್ವಯಿಸುತ್ತದೆ ಎಂಬುದನ್ನು ಔಷಧವೇ ನಿರ್ಧರಿಸುತ್ತದೆ.

ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು; ಟ್ರಾಸ್ಟುಜುಮ್ಯಾಬ್ ಪಡೆಯುವವರಲ್ಲೂ ಹೃದಯದ ಮೇಲೆ ಕಣ್ಣಿಡುತ್ತಾರೆ. ಇವರು ಹೊಸದಾಗಿ ಏದುಸಿರು ಬಂದರೆ ಅದನ್ನು ಬರಿಯ ಸುಸ್ತು ಎಂದುಕೊಳ್ಳಬಾರದು. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ಸಿಸ್‌ಪ್ಲಾಟಿನ್, ವಿನ್‌ಕ್ರಿಸ್ಟಿನ್ ಇವು ನರಗಳನ್ನು ಬಾಧಿಸಿ ಅಂಗೈ, ಅಂಗಾಲುಗಳಲ್ಲಿ ಜೋಮು ತರುತ್ತವೆ. ಕ್ಯಾಪೆಸಿಟಬಿನ್ ಮಾತ್ರೆ ನುಂಗುವವರ ಅಂಗಾಲು ಕೆಂಪಾಗಿ ಸುಲಿಯಬಹುದು. ಅಂಥ ದಿನಗಳಲ್ಲಿ ನಡಿಗೆಯನ್ನು ಕಡಿಮೆ ಮಾಡಿ ಕುಳಿತು ಮಾಡುವ ವ್ಯಾಯಾಮಗಳನ್ನು ಹೆಚ್ಚಿಸಬೇಕು. ಬ್ಲಿಯೊಮೈಸಿನ್ ಪಡೆದವರು ಒಣಕೆಮ್ಮು ಆರಂಭವಾದ ದಿನವೇ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಎದೆಯ ಮೇಲೆ ಕಿಮೊಪೋರ್ಟ್ (ಔಷಧ ಹರಿಸಲು ಚರ್ಮದ ಕೆಳಗೆ ಇಡುವ ಸಣ್ಣ ಸಾಧನ) ಕೂಡಿಸಿದ್ದರೆ ಗಾಯ ಮಾಯುವವರೆಗೆ ಆ ಬದಿಯ ಕೈಯನ್ನು ತಲೆಯ ಮೇಲೆತ್ತಿ ಎಳೆಯಬಾರದು. ತೋಳಿನಲ್ಲಿ ಪಿಕ್ ಲೈನ್ (ರಕ್ತನಾಳದೊಳಗೆ ಇಳಿಸಿದ ತೆಳು ನಳಿಕೆ) ಇದ್ದರೆ ಆ ಕೈಯಿಂದ ಕೊಡ ಹೊರುವುದು, ಬಾವಿಯ ಹಗ್ಗ ಜಗ್ಗುವುದು, ಬಟ್ಟೆ ಹಿಂಡುವುದು ಎಲ್ಲವೂ ನಿಲ್ಲಬೇಕು. ಹೊಳೆಯಲ್ಲಾಗಲಿ ಬಾವಿಯಲ್ಲಾಗಲಿ ಈಜುವ ಮಾತೇ ಇಲ್ಲ.

## ಹಂತ 2: ರಕ್ತದ ವರದಿಯನ್ನು ಓದಿಕೊಳ್ಳುವುದು

ಪ್ರತಿ ಡೋಸ್‌ನ ಮೊದಲು ರಕ್ತದ ಪರೀಕ್ಷೆ ಮಾಡಿಸಿಯೇ ಇರುತ್ತೀರಿ. ಅದರಲ್ಲಿ ಮೂರು ಅಂಕಿಗಳನ್ನು ನೋಡಲು ಕಲಿತರೆ, ಆ ವಾರ ಎಷ್ಟು ಮಾಡಬಹುದು ಎಂಬ ಅಂದಾಜು ಸಿಗುತ್ತದೆ. ಇಲ್ಲಿ ಹೇಳಿರುವ ಮಿತಿಗಳು ಸಾಮಾನ್ಯವಾಗಿ ಬಳಕೆಯಲ್ಲಿರುವಂಥವು. ನಿಮ್ಮ ವೈದ್ಯರು ಬೇರೆ ಮಿತಿ ಹೇಳಿದ್ದರೆ ಅದೇ ಅಂತಿಮ.

ಹಿಮೋಗ್ಲೋಬಿನ್ 10 ಗ್ರಾಂಗಿಂತ ಮೇಲಿದ್ದರೆ ಗೊತ್ತುಪಡಿಸಿದ ಕ್ರಮವನ್ನು ನಡೆಸಬಹುದು. 8ರಿಂದ 10ರ ನಡುವೆ ಇದ್ದರೆ ಸಮಯವನ್ನು ಅರ್ಧಕ್ಕಿಳಿಸಿ, ಮೆಟ್ಟಿಲು ಮತ್ತು ಏರುದಾರಿಗಳನ್ನು ಬಿಡಬೇಕು. 8ಕ್ಕಿಂತ ಕೆಳಗಿಳಿದರೆ ವೈದ್ಯರನ್ನು ಕೇಳುವವರೆಗೆ ಮನೆಯೊಳಗಿನ ಅಗತ್ಯದ ಓಡಾಟವಷ್ಟೇ ಸಾಕು.

ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು 50,000ಕ್ಕಿಂತ ಕಡಿಮೆಯಾದರೆ ಬಾಟಲಿ ಎತ್ತುವುದು, ಗೋಡೆ ತಳ್ಳುವುದು, ಬೀಳುವ ಸಾಧ್ಯತೆಯಿರುವ ಯಾವುದೇ ಕೆಲಸ ಬೇಡ. ಸಮತಟ್ಟಾದ ನೆಲದ ಮೇಲೆ ನಿಧಾನ ನಡಿಗೆ ಇರಲಿ. 20,000ಕ್ಕಿಂತ ಕೆಳಗಿದ್ದಾಗ ವೈದ್ಯರ ಮಾತಿಲ್ಲದೆ ಏನನ್ನೂ ಮಾಡಬಾರದು.

ಬಿಳಿ ರಕ್ತಕಣಗಳ ವಿಷಯದಲ್ಲಿ ಒಟ್ಟು ಎಣಿಕೆಯನ್ನಷ್ಟೇ ನೋಡಿ ಸಮಾಧಾನಪಡುವುದು ಸಾಮಾನ್ಯವಾದ ತಪ್ಪು. ಸೋಂಕಿನ ವಿರುದ್ಧ ಮೊದಲು ನಿಲ್ಲುವವು ನ್ಯೂಟ್ರೊಫಿಲ್ ಕಣಗಳು. ಒಟ್ಟು ಎಣಿಕೆಯನ್ನು ನ್ಯೂಟ್ರೊಫಿಲ್ ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿದರೆ ಅವುಗಳ ಸಂಖ್ಯೆ ಸಿಗುತ್ತದೆ: ಒಟ್ಟು 2,400 ಇದ್ದು ನ್ಯೂಟ್ರೊಫಿಲ್ ಶೇ. 40 ಇದ್ದರೆ, 960. ಈ ಸಂಖ್ಯೆ 1,000ಕ್ಕಿಂತ ಕೆಳಗಿದ್ದರೆ ಸಂತೆ, ಮದುವೆ, ಜಿಮ್ ಬಿಟ್ಟು ಮನೆಯಲ್ಲೇ ವ್ಯಾಯಾಮ ಮಾಡಬೇಕು. 500ಕ್ಕಿಂತ ಕೆಳಗಿದ್ದರೆ ಸೋಂಕಿನ ಅಪಾಯ ತೀವ್ರವಾಗಿರುತ್ತದೆ. ಜ್ವರವಿಲ್ಲದಿದ್ದರೆ ಕೋಣೆಯೊಳಗೆ ಅಡ್ಡಾಡಬಹುದು, ಆದರೆ ಹೊರಗೆ ಹೆಜ್ಜೆ ಇಡುವುದು ಬೇಡ.

## ಹಂತ 3: ಸೈಕಲ್ಲನ್ನು ಕ್ಯಾಲೆಂಡರ್ ಮೇಲೆ ಗುರುತಿಸುವುದು

ಎಲ್ಲರೂ ಬಿಡುವ ಹಂತ ಇದೇ, ಮತ್ತು ಉಳಿದೆಲ್ಲ ಹಂತಗಳು ನಿಲ್ಲುವುದು ಇದರ ಮೇಲೆಯೇ. ಡೋಸ್ ಕೊಟ್ಟ ದಿನವನ್ನು 1 ಎಂದು ಬರೆದು, ಮುಂದಿನ ಡೋಸ್‌ವರೆಗೆ ಪ್ರತಿ ದಿನಕ್ಕೂ ಸಂಖ್ಯೆ ಹಾಕಬೇಕು. 21 ದಿನಗಳ ಸೈಕಲ್ ಇದ್ದರೆ ಅದು ಸಾಮಾನ್ಯವಾಗಿ ಮೂರು ಭಾಗಗಳಾಗಿ ಒಡೆಯುತ್ತದೆ.

ಮೊದಲ ಭಾಗ 1ರಿಂದ 6ನೆಯ ದಿನ. ಡೋಸ್‌ನ ಆಚೀಚೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್‌ನಿಂದ ಮೊದಲ ಒಂದೆರಡು ದಿನ ನಿದ್ದೆ ಕಡಿಮೆಯಾಗಿ, ಒಂದು ಬಗೆಯ ಹುರುಪು ಕಾಣಿಸುತ್ತದೆ. ಅದು ಸಾಲದ ಹುರುಪು. ಅದನ್ನು ನಂಬಿ ಮನೆಯೆಲ್ಲ ಸಾರಿಸಿ, ಪಾತ್ರೆ ತಿಕ್ಕಿ, ಬೀದಿಯ ಕೊನೆಯವರೆಗೆ ಹೋಗಿ ಬಂದವರು, ಸ್ಟಿರಾಯ್ಡ್ ನಿಂತ ಮೇಲೆ 3 ಅಥವಾ 4ನೆಯ ದಿನ ಪೂರ್ತಿ ಕುಸಿಯುತ್ತಾರೆ. ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಪಡೆದವರಿಗೆ ಇದೇ ದಿನಗಳಲ್ಲಿ ಸೊಂಟ, ತೊಡೆಯ ಎಲುಬುಗಳು ನೋಯುವುದೂ ಉಂಟು. ಆದ್ದರಿಂದ 1 ಮತ್ತು 2ನೆಯ ದಿನ ಹುರುಪು ಎಷ್ಟೇ ಇದ್ದರೂ ಸಾಮಾನ್ಯ ಅಳತೆಯ ಅರ್ಧವನ್ನಷ್ಟೇ ಮಾಡಬೇಕು. 3ರಿಂದ 6ನೆಯ ದಿನದವರೆಗೆ ಗುರಿ ಒಂದೇ: ಹಗಲು ಹೊತ್ತಿನಲ್ಲಿ ಎರಡು ತಾಸಿಗೊಮ್ಮೆ ಹಾಸಿಗೆಯಿಂದ ಎದ್ದು ಪಡಸಾಲೆಯ ಉದ್ದಕ್ಕೂ ಎರಡು ಸಲ ಹೋಗಿ ಬರುವುದು, ಊಟವನ್ನು ಕುಳಿತೇ ಮಾಡುವುದು. ಇದು ವ್ಯಾಯಾಮವೇ ಅಲ್ಲವೆನಿಸಬಹುದು. ಆದರೆ ಕಾಲಿನ ಸ್ನಾಯುಗಳು ಹಾಸಿಗೆಯಲ್ಲಿ ಕೆಲವೇ ದಿನಗಳಲ್ಲಿ ಬಲ ಕಳೆದುಕೊಳ್ಳುತ್ತವೆ, ಪುನಃ ಗಳಿಸಲು ವಾರಗಳೇ ಬೇಕು.

ಎರಡನೆಯ ಭಾಗ 7ರಿಂದ 14ನೆಯ ದಿನ. ಸುಸ್ತು ಇಳಿಯುತ್ತ ಬರುತ್ತದೆ. ಅದೇ ಹೊತ್ತಿಗೆ ರಕ್ತಕಣಗಳ ಸಂಖ್ಯೆ ತಳಮಟ್ಟಕ್ಕೆ ಇಳಿದಿರುತ್ತದೆ. ಮೈ ಹಗುರಾಗಿದ್ದರೂ ಒಳಗೆ ಕಾವಲು ಇಲ್ಲದ ಕಾಲ ಇದು. ದಿನವೂ ನಡೆಯಬೇಕು, ಆದರೆ ಜನಸಂದಣಿಯಿಂದ ದೂರ, ಮಣ್ಣು ಮತ್ತು ದನದ ಕೊಟ್ಟಿಗೆಯಿಂದಲೂ ದೂರ. "ಸಗಣಿ ಬಳಿದರೆ ಅದೇ ವ್ಯಾಯಾಮವಲ್ಲವೇ" ಎಂದು ಕೇಳುವವರಿದ್ದಾರೆ. ವ್ಯಾಯಾಮ ಹೌದು, ಆದರೆ ಈ ಎಂಟು ದಿನ ಅದನ್ನು ಬೇರೆ ಯಾರಾದರೂ ಮಾಡಲಿ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ ಈ ದಿನಗಳಲ್ಲೇ ಬಂದರೆ ಮನೆಯಿಂದಲೇ ಕೈ ಮುಗಿಯುವುದು ಲೇಸು.

ಮೂರನೆಯ ಭಾಗ 15ರಿಂದ 21ನೆಯ ದಿನ. ಬಲ ಕಟ್ಟುವ ವಾರ ಇದು, ಜೊತೆಗೆ ಅಳತೆ ಮೀರುವ ವಾರವೂ ಇದೇ. ಹಿಂದಿನ ದಿನ ನಡೆದ ಸಮಯಕ್ಕೆ 5 ನಿಮಿಷಕ್ಕಿಂತ ಹೆಚ್ಚು ಸೇರಿಸಕೂಡದು ಎಂಬ ನಿಯಮವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಮೈ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಬದ್ಧರಾಗಿರಬೇಕು.

ವಾರಕ್ಕೊಮ್ಮೆ ಡೋಸ್ ಪಡೆಯುವವರಿಗೆ ಈ ಮೂರು ಭಾಗಗಳು ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅವರು ಮೊದಲ ಎರಡು ವಾರ ದಿನವೂ ಸುಸ್ತಿಗೆ 0ಯಿಂದ 10ರವರೆಗೆ ಅಂಕ ಹಾಕಿ, ತಮ್ಮ ಕೆಟ್ಟ ದಿನಗಳು ಯಾವುವೆಂದು ತಾವೇ ಕಂಡುಕೊಳ್ಳಬೇಕು.

## ಹಂತ 4: ನಿಮ್ಮ ಆರಂಭದ ಅಳತೆಯನ್ನು ಕಂಡುಕೊಳ್ಳುವುದು

ಸಾಧ್ಯವಾದರೆ ಇದನ್ನು ಮೊದಲ ಡೋಸ್‌ಗೆ ಮುಂಚೆಯೇ ಮಾಡಬೇಕು. ಆಗದಿದ್ದರೆ ಯಾವುದಾದರೂ ಸೈಕಲ್‌ನ 15ನೆಯ ದಿನದ ನಂತರ. ಸಮತಟ್ಟಾದ ಜಾಗದಲ್ಲಿ ನಿಮಗೆ ಹಿತವೆನಿಸುವ ವೇಗದಲ್ಲಿ ನಡೆಯುತ್ತ, "ಇನ್ನು ಕೂತರೆ ಚೆನ್ನ" ಎಂದು ಮೊದಲ ಸಲ ಅನಿಸಿದಾಗ ನಿಂತು ಗಡಿಯಾರ ನೋಡಿ. 12 ನಿಮಿಷವಾಗಿದ್ದರೆ ನಿಮ್ಮ ಆರಂಭದ ಅಳತೆ 6 ನಿಮಿಷ. ಅರ್ಧವೇ ಏಕೆಂದರೆ, ಮರುದಿನವೂ ಅಷ್ಟನ್ನೇ ಮಾಡಲು ಆಗಬೇಕು. ಎರಡನೆಯದಾಗಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ ಬರೆದಿಡಿ. ಪ್ರತಿ ಸೈಕಲ್‌ನ ಕೊನೆಗೆ ಇದೇ ಎಣಿಕೆಯನ್ನು ಪುನಃ ಮಾಡಿದರೆ, ತೂಕದ ಯಂತ್ರ ಹೇಳದ ಸಂಗತಿಯನ್ನು ಅದು ಹೇಳುತ್ತದೆ.

## ಹಂತ 5: ನಡಿಗೆ

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ನೇತೃತ್ವದ ತಜ್ಞರು 2019ರಲ್ಲಿ ಪ್ರಕಟಿಸಿದ ಸಲಹೆಯ ಪ್ರಕಾರ, ವಾರಕ್ಕೆ ಮೂರು ದಿನ 30 ನಿಮಿಷದಷ್ಟು ಸಾಧಾರಣ ವೇಗದ ನಡಿಗೆಯಂಥ ವ್ಯಾಯಾಮ ಕ್ಯಾನ್ಸರ್‌ನ ದಣಿವು, ಆತಂಕ, ಖಿನ್ನತೆಗಳನ್ನು ಇಳಿಸುತ್ತದೆ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವೂ ಗುಣಪಡಿಸುವ ಉದ್ದೇಶದ ಚಿಕಿತ್ಸೆ ನಡೆದಿರುವಾಗಲೇ ವ್ಯಾಯಾಮವನ್ನು ಸೂಚಿಸಬೇಕೆಂದು 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಆ 30 ನಿಮಿಷ ತಲುಪಬೇಕಾದ ಜಾಗ, ಹೊರಡುವ ಜಾಗವಲ್ಲ. ಅದನ್ನು ಒಂದೇ ಸಲಕ್ಕೆ ಮಾಡಬೇಕೆಂದೂ ಇಲ್ಲ: ಮುಂಜಾನೆ 10, ಮಧ್ಯಾಹ್ನ ಮನೆಯೊಳಗೆ 10, ಸಂಜೆ 10 ಎಂದು ಒಡೆದರೂ ನಡೆಯುತ್ತದೆ.

ವೇಗವನ್ನು ಮಾತಿನಿಂದ ಅಳೆಯಬೇಕು. ಜೊತೆಗೆ ಬಂದವರಿಗೆ ಮನೆಯ ಸುದ್ದಿಯನ್ನು ಪೂರ್ತಿ ವಾಕ್ಯಗಳಲ್ಲಿ ಹೇಳಲು ಬರುತ್ತಿದ್ದರೆ ವೇಗ ಸರಿಯಿದೆ. ಮೂರು ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಹೆಚ್ಚಾಯಿತು. ಹಾಡು ಗುನುಗಲೂ ಬರುತ್ತಿದ್ದರೆ ಇನ್ನಷ್ಟು ಬೀಸಾಗಿ ನಡೆಯಬಹುದು. ಮೊದಲ 3 ನಿಮಿಷ ಮತ್ತು ಕೊನೆಯ 3 ನಿಮಿಷ ನಿಧಾನವಾಗಿರಬೇಕು. ಹೊರಡುವ ಮುನ್ನ ಕುಳಿತಲ್ಲೇ ನಾಡಿ ಎಣಿಸಿ, ಅದು ನಿಮಿಷಕ್ಕೆ 100 ದಾಟಿದ್ದರೆ ಆ ದಿನ ನಡಿಗೆ ಬಿಟ್ಟು, ವೈದ್ಯರಿಗೆ ಫೋನ್ ಮಾಡಿ ಕೇಳಬೇಕು.

ಎಲ್ಲಿ ನಡೆಯಬೇಕು ಎಂಬುದು ನಮ್ಮ ಜಿಲ್ಲೆಗಳಲ್ಲಿ ಹವೆಯನ್ನು ಅವಲಂಬಿಸಿದೆ. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ವಾಂತಿ, ಭೇದಿಯಿಂದ ಮೊದಲೇ ನೀರು ಕಳೆದುಕೊಂಡ ದೇಹ ಅದನ್ನು ತಾಳದು. ಆಗ ಹೊರಗಿನ ನಡಿಗೆ ಮುಂಜಾನೆ 7ರೊಳಗೆ ಮುಗಿದಿರಬೇಕು, ಇಲ್ಲವಾದರೆ ಪಡಸಾಲೆಯಲ್ಲೇ ಆಗಬೇಕು. ಪಡಸಾಲೆ 10 ಹೆಜ್ಜೆ ಉದ್ದವಿದ್ದರೆ 50 ಸಲ ಹೋಗಿಬಂದರೆ 1,000 ಹೆಜ್ಜೆಯಾಗುತ್ತದೆ. ಸಂಜೆ ತಂಪೆಂದು ಮಾಳಿಗೆ ಹತ್ತುವವರು ಮೆಟ್ಟಿಲಿಗೆ ಹಿಡಿಕೆ ಇದೆಯೇ, ಅಂಚಿಗೆ ಗೋಡೆ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಪ್ಲೇಟ್‌ಲೆಟ್ ಇಳಿದಿರುವಾಗ ಒಂದು ಸಣ್ಣ ಬೀಳು ಸಹ ಸಣ್ಣದಾಗಿ ಉಳಿಯುವುದಿಲ್ಲ. ಬೆಳಗಾವಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಪಾಚಿ ಕಟ್ಟಿದ ಅಂಗಳ. ಡಿಸೆಂಬರ್, ಜನವರಿಯಲ್ಲಿ ಮುಂಜಾನೆಯ ಚಳಿ. ಆಕ್ಸಾಲಿಪ್ಲಾಟಿನ್ ಪಡೆಯುವವರಿಗೆ ಡೋಸ್ ಆದ ಮೊದಲ ಕೆಲವು ದಿನ ತಣ್ಣನೆಯ ಗಾಳಿ ತಾಗಿದರೂ ಗಂಟಲು ಬಿಗಿದಂತೆ, ಬೆರಳು ಚುಚ್ಚಿದಂತೆ ಆಗುತ್ತದೆ. ಅವರು ಬಿಸಿಲೇರಿದ ಮೇಲೆ, ಕೈಗವಸು ಹಾಕಿ, ಮೂಗುಬಾಯಿಗೆ ಮಫ್ಲರ್ ಸುತ್ತಿಕೊಂಡು ಹೊರಡಬೇಕು.

ಬೆಳಗಾವಿಯ ವ್ಯಾಕ್ಸಿನ್ ಡಿಪೊ ಮೈದಾನ, ಬಾಗಲಕೋಟೆ ನವನಗರದ ಸೆಕ್ಟರ್‌ಗಳ ಒಳರಸ್ತೆಗಳು, ವಿಜಯಪುರದಲ್ಲಿ ಗೋಳಗುಮ್ಮಟದ ಸುತ್ತಲಿನ ಉದ್ಯಾನ ಇವು ಸಮತಟ್ಟಾದ, ನೆರಳೂ ಸಿಗುವ ಜಾಗಗಳು. ಗುಮ್ಮಟ ನೋಡಲು ಬಂದ ನೆಂಟರು ಪಿಸುಗುಟ್ಟುವ ಮೊಗಸಾಲೆಗೆ ಕರೆದರೆ ಕೆಳಗೇ ಉಳಿಯಬೇಕು. ಏಳು ಅಂತಸ್ತಿನ ಗೋಪುರದೊಳಗಿನ ಆ ಕಡಿದಾದ ಮೆಟ್ಟಿಲುಗಳು ಕಿಮೊದವರಿಗಲ್ಲ. ಹಳ್ಳಿಯಲ್ಲಿರುವವರು ಕಬ್ಬು ನುರಿಸುವ ಹಂಗಾಮಿನಲ್ಲಿ ನಸುಕಿನ ಕತ್ತಲಲ್ಲಿ ಡಾಂಬರು ರಸ್ತೆಗೆ ಇಳಿಯಬಾರದು, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳಿಂದ ಪಕ್ಕಕ್ಕೆ ಸರಿಯುವ ಚುರುಕು ಆಗ ಕಾಲಿಗೆ ಇರುವುದಿಲ್ಲ.

## ಹಂತ 6: ಸ್ನಾಯುಗಳಿಗೆ ಬಲ

ನಡಿಗೆಯನ್ನು ಉಳಿಸಿಕೊಂಡವರೂ ಇದನ್ನು ಬಿಡುತ್ತಾರೆ. ಸ್ಟಿರಾಯ್ಡ್ ಮೊದಲು ತಿನ್ನುವುದು ತೊಡೆ ಮತ್ತು ಸೊಂಟದ ಸ್ನಾಯುಗಳನ್ನು, ಆದ್ದರಿಂದಲೇ ಮೂರು ನಾಲ್ಕು ಡೋಸ್ ಆದವರು ನೆಲದಿಂದ ಏಳುವಾಗ ಕೈ ಊರುತ್ತಾರೆ. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಒಂದು ದಿನ ಬಿಡುವು ಕೊಟ್ಟು, ಹೀಗೆ ಮಾಡಬೇಕು.

ಮೊದಲನೆಯದು ಕುರ್ಚಿಯಿಂದ ಏಳುವುದು. ಮೂಗು ಕಾಲಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ ಎದ್ದು, ಧಪ್ಪನೆ ಬೀಳದೆ ಮೂರು ಎಣಿಸುತ್ತ ಕೂರಬೇಕು. ಎರಡನೆಯದು ಗೋಡೆ ತಳ್ಳುವುದು: ಗೋಡೆಯಿಂದ ಒಂದು ಮೊಳ ದೂರ ನಿಂತು, ಅಂಗೈಗಳನ್ನು ಎದೆಮಟ್ಟಕ್ಕೆ ಊರಿ, ಮೊಳಕೈ ಮಡಚಿ ಹತ್ತಿರ ಹೋಗಿ ಹಿಂದೆ ಬರಬೇಕು. ಮೂರನೆಯದು ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ನಾಲ್ಕನೆಯದು ನೀರು ತುಂಬಿದ ಬಾಟಲಿಗಳನ್ನು ಮೊಳಕೈ ಮಡಚಿ ಭುಜದವರೆಗೆ ತರುವುದು. ಪ್ರತಿಯೊಂದನ್ನೂ 8 ಸಲ. ಒಂದು ಸುತ್ತಿನಿಂದ ಆರಂಭಿಸಿ, ಎರಡು ವಾರ ಸುಲಭವಾಗಿ ನಡೆದರೆ ಎರಡು ಸುತ್ತು. ಮರುದಿನ ಸ್ನಾಯು ತುಸು ಬಿಗಿದಿದ್ದರೆ ಚಿಂತೆಯಿಲ್ಲ. ಎರಡು ದಿನವಾದರೂ ನೋವು ಹೋಗದಿದ್ದರೆ ಹೆಚ್ಚಾಗಿದೆ ಎಂದರ್ಥ.

ಉಸಿರು ಬಿಗಿಹಿಡಿಯುವುದು ಇಲ್ಲಿನ ದೊಡ್ಡ ತಪ್ಪು. ಗಟ್ಟಿಯಾಗಿ ಎಣಿಸುತ್ತ ಮಾಡಿದರೆ ಉಸಿರು ತಾನಾಗಿ ಆಡುತ್ತದೆ.

ಸ್ತನದ ಶಸ್ತ್ರಚಿಕಿತ್ಸೆಯಾದ ಅನೇಕ ಹೆಣ್ಣುಮಕ್ಕಳಿಗೆ ಆ ಬದಿಯ ಕೈಯಿಂದ ಏನನ್ನೂ ಎತ್ತಬಾರದೆಂದು ಹೇಳಲಾಗುತ್ತಿತ್ತು. ನಿಧಾನವಾಗಿ, ತಜ್ಞರ ಕಣ್ಣಿನಡಿ ತೂಕ ಹೆಚ್ಚಿಸುತ್ತ ಹೋದರೆ ಕೈ ಬಾವು ಹೆಚ್ಚುವುದಿಲ್ಲವೆಂದು ಈಗ ತಿಳಿದಿದೆ. ಆದರೆ ಉಂಗುರ ಅಥವಾ ಬಳೆ ಆ ಕೈಗೆ ಬಿಗಿಯತೊಡಗಿದರೆ ಕೂಡಲೇ ನಿಲ್ಲಿಸಿ ತೋರಿಸಬೇಕು. ಹೊಟ್ಟೆಯ ಮೇಲೆ ಮಲದ ಚೀಲ ಕೂಡಿಸಿದವರು ಭಾರ ಎತ್ತಬಾರದು, ಹೊಟ್ಟೆ ಬಿಗಿಯುವ ವ್ಯಾಯಾಮವನ್ನೂ ಕೇಳದೆ ಮಾಡಬಾರದು.

## ಹಂತ 7: ಜೋಮು ಮತ್ತು ಸಮತೋಲನ

ಅಂಗಾಲು ಜೋಮು ಹಿಡಿದವರಿಗೆ ನೆಲ ಎಲ್ಲಿದೆ ಎಂಬುದು ಕಣ್ಣಿನಿಂದ ಮಾತ್ರ ತಿಳಿಯುತ್ತದೆ, ಹಾಗಾಗಿ ಕತ್ತಲಲ್ಲಿ ಬೀಳುತ್ತಾರೆ. ಬಚ್ಚಲ ಮನೆಯ ದಾರಿಗೆ ರಾತ್ರಿ ದೀಪ ಇರಲಿ. ದಿನಕ್ಕೊಮ್ಮೆ ಅಡುಗೆಮನೆಯ ಕಟ್ಟೆ ಹಿಡಿದು ಒಂದು ಕಾಲಿನ ಮೇಲೆ 10 ಸೆಕೆಂಡು ನಿಲ್ಲುವುದು, ನಂತರ ಒಂದು ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಗೋಡೆಗುಂಟ 10 ಹೆಜ್ಜೆ ಇಡುವುದು, ಇವೆರಡೇ ಸಾಕು. ಕಣ್ಣು ಮುಚ್ಚಿ ಮಾಡಬಾರದು.

ರೊಟ್ಟಿ ಬಡಿಯುವುದು ಕೈಗೂ ಭುಜಕ್ಕೂ ಒಳ್ಳೆಯ ಚಲನೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಬೆರಳು ಜೋಮು ಹಿಡಿದವರು ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಬಾರದು. ಸುಟ್ಟದ್ದು ಗೊತ್ತಾಗುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ, ಬಿಳಿ ಕಣ ಕಡಿಮೆಯಿರುವಾಗ ಆ ಬೊಬ್ಬೆಯೇ ಸೋಂಕಿನ ಬಾಗಿಲು. ಬಡಿಯುವವರು ನೀವಾಗಿ, ಬೇಯಿಸುವವರು ಮತ್ತೊಬ್ಬರಾಗಲಿ. ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

## ಹಂತ 8: ಪ್ರಯಾಣದ ದಿನ

ಅಥಣಿಯವರು ಮಿರಜಕ್ಕೆ, ಇಂಡಿಯವರು ಸೊಲ್ಲಾಪುರಕ್ಕೆ, ಬಾಗಲಕೋಟೆಯವರು ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ ಕಿಮೊ ಪಡೆಯುವುದು ಸಾಮಾನ್ಯ. ವಿಜಯಪುರದಿಂದ ಹುಬ್ಬಳ್ಳಿ ಸುಮಾರು 200 ಕಿಲೋಮೀಟರ್. ಕ್ಯಾನ್ಸರ್ ಮತ್ತು ಕಿಮೊ ಎರಡೂ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ, ಕಾಲು ಇಳಿಬಿಟ್ಟು ತಾಸುಗಟ್ಟಲೆ ಕೂರುವುದು ಅದಕ್ಕೆ ಇನ್ನಷ್ಟು ಅನುವು ಮಾಡುತ್ತದೆ. ಅರ್ಧ ತಾಸಿಗೊಮ್ಮೆ ಪಾದಗಳನ್ನು 20 ಸಲ ಮೇಲೆ ಕೆಳಗೆ ಆಡಿಸಬೇಕು. ಬಸ್ಸು ನಿಂತಲ್ಲಿ ಇಳಿದು ಎರಡು ನಿಮಿಷ ಅಡ್ಡಾಡಬೇಕು, ಕಾರಾದರೆ ಒಂದೂವರೆ ತಾಸಿಗೊಮ್ಮೆ ನಿಲ್ಲಿಸಬೇಕು. ಸಲೈನ್ ಹಚ್ಚಿಕೊಂಡು ಮಲಗಿದ ಹೊತ್ತಿನಲ್ಲೂ ಪಾದ ಆಡಿಸಲು ಯಾವ ಅಡ್ಡಿಯೂ ಇಲ್ಲ.

## ಹಂತ 9: ಊಟ ಮತ್ತು ನೀರು

ಪ್ರೋಟೀನ್ ಇಲ್ಲದ ವ್ಯಾಯಾಮ ಸ್ನಾಯುವನ್ನು ಕಟ್ಟುವುದಿಲ್ಲ. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 1ರಿಂದ 1.5 ಗ್ರಾಂ ಬೇಕು, ಅಂದರೆ 50 ಕಿಲೋ ತೂಗುವವರಿಗೆ 50ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಖಾರ ಕಡಿಮೆ ಮಾಡಿದ ಶೇಂಗಾ ಹಿಂಡಿ (ಚಟ್ನಿಪುಡಿ), ಬೇಯಿಸಿದ ಹೆಸರುಕಾಳು, ಗಟ್ಟಿ ಬೇಳೆ ಇವನ್ನು ಮೂರೂ ಹೊತ್ತಿಗೆ ಹಂಚಬೇಕು. ಹಸಿ ಮೊಳಕೆಕಾಳು ಮಾತ್ರ ಬೇಡ, ಬೇಯಿಸಿಯೇ ತಿನ್ನಬೇಕು. ಬಾಯಿ ಹುಣ್ಣಾಗಿರುವಾಗ ರೊಟ್ಟಿ ಇಳಿಯದಿದ್ದರೆ ಜೋಳದ ನುಚ್ಚಿಗೆ ಹಾಲು ಅಥವಾ ಮಜ್ಜಿಗೆ ಕಲಸಿ ಉಣ್ಣಬಹುದು. ನಡಿಗೆಗೆ ಮುಂಚೆ ಒಂದು ಲೋಟ, ನಂತರ ಒಂದು ಲೋಟ ನೀರು ಕುಡಿಯಬೇಕು. ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ನೀರಿನ ಪ್ರಮಾಣವನ್ನು ವೈದ್ಯರಿಂದ ಗೊತ್ತುಮಾಡಿಕೊಳ್ಳಬೇಕು.

## ಮನೆಯವರಿಗೆ ಒಂದು ಮಾತು

"ಬ್ಯಾಡವ್ವಾ, ನೀ ಕುಂದ್ರು, ನಾವು ಮಾಡ್ತೀವಿ" ಎಂಬ ಪ್ರೀತಿಯ ಮಾತೇ ನಮ್ಮ ಮನೆಗಳಲ್ಲಿ ರೋಗಿಯನ್ನು ಹಾಸಿಗೆಗೆ ಕಟ್ಟಿಹಾಕುತ್ತದೆ. ನೀರಿನ ತಂಬಿಗೆಯನ್ನು ಕೈಗೆ ತಂದುಕೊಡುವ ಬದಲು, ಎದ್ದು ತೆಗೆದುಕೊಳ್ಳುವಂತೆ ನಾಲ್ಕು ಹೆಜ್ಜೆ ದೂರದಲ್ಲಿ ಇಡಿ. ಇದಕ್ಕೆ ತಿರುಗಾದ ತಪ್ಪೂ ಇದೆ: ನಿನ್ನೆ 15 ನಿಮಿಷ ನಡೆದವರು ಇಂದು 5 ನಿಮಿಷಕ್ಕೆ ಕುಳಿತರೆ "ಧೈರ್ಯ ಮಾಡು" ಎಂದು ಎಬ್ಬಿಸುವುದು. ಕಿಮೊದ ಸುಸ್ತು ಧೈರ್ಯದ ಕೊರತೆಯಲ್ಲ. ಮನೆಯವರ ಕೆಲಸ ಜೊತೆಗೆ ನಡೆಯುವುದು, ಗಡಿಯಾರ ನೋಡುವುದು, ಒಳ್ಳೆಯ ದಿನದಲ್ಲಿ ಸಮಯವಾದಾಗ ನಿಲ್ಲಿಸುವುದು.

## ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳು

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಮೈ ಗಡಗಡ ನಡುಗಿದರೆ, ಅದು ರಾತ್ರಿ 2 ಗಂಟೆಯಾಗಿದ್ದರೂ ಕಾಯಬಾರದು. ಪ್ಯಾರಾಸಿಟಮಾಲ್ ನುಂಗಿ ಮುಂಜಾನೆವರೆಗೆ ನೋಡುವುದು ಅತ್ಯಂತ ಅಪಾಯಕಾರಿ. ಅದು ಜ್ವರವನ್ನು ಮುಚ್ಚುತ್ತದೆ, ಸೋಂಕನ್ನಲ್ಲ. ಕಿಮೊ ಕೊಡುವ ಆಸ್ಪತ್ರೆ ಮೂರು ತಾಸಿನ ದಾರಿಯಾಗಿದ್ದರೆ ಹತ್ತಿರದ ಯಾವ ಆಸ್ಪತ್ರೆಗೆ ಮೊದಲು ಹೋಗಬೇಕೆಂದು ಮೊದಲ ಡೋಸ್‌ನ ದಿನವೇ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕು.

ಎದೆ ನೋವು, ಎದೆ ಬಡಿತದ ಏರುಪೇರು, ಕುಳಿತಿರುವಾಗಲೂ ಏದುಸಿರು, ಕಣ್ಣು ಕತ್ತಲೆ ಬರುವುದು ಇವು ಬಂದ ಕ್ಷಣವೇ ನಡಿಗೆ ನಿಲ್ಲಬೇಕು. ಕ್ಯಾಪೆಸಿಟಬಿನ್ ಅಥವಾ ಫ್ಲೋರೊಯುರಾಸಿಲ್ ಪಡೆಯುವವರು ಎದೆ ನೋವನ್ನು ಗ್ಯಾಸ್ ಎಂದು ತಳ್ಳಿಹಾಕಬಾರದು, ಈ ಔಷಧಗಳು ಹೃದಯದ ರಕ್ತನಾಳವನ್ನು ಬಿಗಿಗೊಳಿಸಬಲ್ಲವು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಬಾರದು, ಎಣ್ಣೆ ಹಚ್ಚಿ ನೀವಬಾರದು. ಒಳಗೆ ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಬೆನ್ನಿನಲ್ಲಿ ಹೊಸ ನೋವು, ಅದರ ಜೊತೆಗೆ ಕಾಲುಗಳ ಬಲ ಇಳಿಯುವುದು ಅಥವಾ ಮೂತ್ರ ಕಟ್ಟುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ವಾಂತಿ ಅಥವಾ ಭೇದಿ ಒಂದು ದಿನ ದಾಟಿದರೆ, ಒಸಡು ಅಥವಾ ಮೂಗಿನಲ್ಲಿ ರಕ್ತ ಬಂದರೆ, ಚರ್ಮದ ಮೇಲೆ ಕೆಂಪು ಚುಕ್ಕೆಗಳು ಎದ್ದರೆ ವ್ಯಾಯಾಮ ನಿಲ್ಲಿಸಿ ಫೋನ್ ಮಾಡಬೇಕು.

## ಹಂತ 10: ಮುಂದಿನ ಡೋಸ್‌ಗೆ ಮುಂಚೆ ಲೆಕ್ಕ ಸರಿಪಡಿಸುವುದು

ಡೋಸ್‌ನ ಹಿಂದಿನ ದಿನ ನೋಟ್‌ಬುಕ್ ತೆಗೆದು, ಯಾವ ದಿನಗಳಲ್ಲಿ ದಿನವೂ ಬರೆದಿಟ್ಟ ಸುಸ್ತಿನ ಅಂಕ (0ಯಿಂದ 10ರವರೆಗೆ) 7 ದಾಟಿತ್ತು, ಅದರ ಹಿಂದಿನ ದಿನ ಏನು ಮಾಡಿದ್ದಿರಿ ಎಂದು ನೋಡಬೇಕು. ಹಿಂದಿನ ದಿನ ಅಳತೆ ಮೀರಿದ್ದರೆ ಅಲ್ಲಿ ಮುಂದಿನ ಸೈಕಲ್‌ಗೆ ಮಿತಿ ಹಾಕಿ. ಏನೂ ಮಾಡದೆಯೂ ಸುಸ್ತಾಗಿದ್ದರೆ ಅದನ್ನು ವೈದ್ಯರಿಗೆ ತೋರಿಸಿ, ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಇರಬಹುದು. ಡೋಸ್ ಹೆಚ್ಚಿದಂತೆ ದಣಿವು ಸೇರುತ್ತ ಹೋಗುವುದರಿಂದ, ನಾಲ್ಕನೆಯ ಸೈಕಲ್‌ನಲ್ಲಿ ಎರಡನೆಯದರಷ್ಟೇ ನಡೆದಿದ್ದರೆ ಅದನ್ನು ಹಿನ್ನಡೆ ಎಂದು ಬರೆದುಕೊಳ್ಳಬಾರದು.

ಕೊನೆಯ ಡೋಸ್ ಆದ ಮೇಲೂ ಕ್ಯಾಲೆಂಡರ್ ಗುರುತನ್ನು ಇನ್ನೂ ಮೂರು ತಿಂಗಳು ಮುಂದುವರಿಸಿ. ಆಕ್ಸಾಲಿಪ್ಲಾಟಿನ್ ಪಡೆದವರಲ್ಲಿ ಔಷಧ ನಿಂತ ನಂತರವೂ ಕೆಲವು ತಿಂಗಳು ಜೋಮು ಹೆಚ್ಚುವುದುಂಟು, ಹಾಗಾಗಿ ಚಿಕಿತ್ಸೆ ಮುಗಿಯಿತೆಂದು ಪಟ್ಟಿಯಿಲ್ಲದ ಚಪ್ಪಲಿಗೆ ಮರಳುವ ಮುನ್ನ, ಕಣ್ಣು ಬೇರೆಡೆ ಇದ್ದಾಗ ಮನೆಯವರು ನಿಮ್ಮ ಕಾಲಬೆರಳನ್ನು ಮುಟ್ಟಿದರೆ ಯಾವ ಬೆರಳೆಂದು ಹೇಳಲು ಬರುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ.